ಹೊಸ ಸರ್ವರ್‌ಗೆ ಕನ್ನಡ ಯಾರೂ ಹೇಳಿಕೊಡಲಿಲ್ಲ

ಕಳೆದ ಮಂಗಳವಾರ ಬೆಳಿಗ್ಗೆ ನನ್ನ ಸೋದರತ್ತೆ ಗೌರಮ್ಮ ಆನೆಯ ಎದುರಿಗೇ ಹೋಗಿ ನಿಂತರು. ಕೈಯಲ್ಲಿ ಹಾಲಿನ ಕ್ಯಾನು, ಸೊಂಟದಲ್ಲಿ ಫೋನು. ಆ ಫೋನಿನಲ್ಲಿ ‘ಆನೆ ಇದೆ, ಈ ದಾರಿಗೆ ಬರಬೇಡಿ’ ಎಂಬ ಮೆಸೇಜು!

ಕಳಿಸಿದವರು ಯಾರು? ನಾನೇ. ಅಂದರೆ, ನಾನು ನೋಡಿಕೊಳ್ಳುವ ಸರ್ವರ್.

ನಾನು ಕೆಲಸ ಮಾಡುವ ಸಣ್ಣ ಕಂಪನಿ ಕೇರಳದ ವಯನಾಡಿನ ಕಾಡಂಚಿನ ಊರುಗಳಿಗೆ ಇಂಥ ಎಚ್ಚರಿಕೆ ಕಳಿಸುತ್ತದೆ. ಕಾವಲುಗಾರರು ಆನೆ ಕಂಡ ಕೂಡಲೇ ತಿಳಿಸುತ್ತಾರೆ, ಸರ್ವರ್ ಆ ಊರಿನ ಎಲ್ಲ ಫೋನುಗಳಿಗೂ ಮೆಸೇಜ್ ಮಾಡುತ್ತದೆ. ಅತ್ತೆಯ ಮನೆ ಕರ್ನಾಟಕದ ಗಡಿಯ ಹೊಳೆದಂಡೆಯಲ್ಲಿರುವ ಮರಕ್ಕಡವಿನಲ್ಲಿ. ಆನೆ ಅಲ್ಲಿ ಅಪರೂಪದ ಅತಿಥಿಯೇನಲ್ಲ.

ಅತ್ತೆ ಕ್ಯಾನು ಎಸೆದು ಕಾಫಿ ತೋಟದ ಚರಂಡಿಗೆ ಹಾರಿದರು. ಆನೆ ಕ್ಯಾನನ್ನು ತುಳಿದು ಹೊಳೆಯ ಕಡೆ ಹೋಯಿತು. ಹಾಲಿನ ಸೊಸೈಟಿಯ ಜೋಸ್ ಚೇಟ್ಟನ್, ಅಂದರೆ ಜೋಸಣ್ಣ, ಓಡಿ ಬಂದು, ಜೀಪಿಗೆ ಹತ್ತಿಸಿ ಆಸ್ಪತ್ರೆ ಸೇರಿಸಿದರು. ಬಲಗೈ ಮುರಿದಿದೆ. ಜೀವ ಉಳಿದಿದೆ.

“ಮೆಸೇಜ್ ಬರ್ಲಿಲ್ವಾ ಅತ್ತೆ?” ಎಂದು ಫೋನಿನಲ್ಲಿ ಕೇಳಿದೆ.

“ಬಂತು ಕಣ್ ಮೋಳೇ. ನೋಡುದ್ರೆ ಮಲಯಾಳಂ ಅಕ್ಷರ. ರೀಚಾರ್ಜಿಂದು ಅಂದ್ಕಂಡು ಸೊಂಟುಕ್ಕೆ ಸಿಗಿಸ್ಕಂಡೆ. ನಿನ್ ಮೆಸೇಜು ಕನ್ನಡದಲ್ಲಿ ತಾನೇ ಬರೋದು?”

(‘ಮೋಳೇ’ ಎಂದರೆ ಮಲಯಾಳಂನಲ್ಲಿ ಮಗಳೇ.) ಅತ್ತೆ ಮಲಯಾಳಂ ಮಾತಾಡಲು ಶುರುವಿಟ್ಟುಕೊಂಡರೆ ಜೋಸ್ ಚೇಟ್ಟನ್ ಬಾಯಿ ಮುಚ್ಚಬೇಕು, ಅಷ್ಟು ಚೆನ್ನಾಗಿ ಆಡುತ್ತಾರೆ. ಓದಲು ಮಾತ್ರ ಬರುವುದಿಲ್ಲ. ಚಿಕ್ಕವರಿದ್ದಾಗ ದೋಣಿಯಲ್ಲಿ ಹೊಳೆ ದಾಟಿ, ಆಚೆ ದಡದ ಕನ್ನಡ ಶಾಲೆಯಲ್ಲಿ ನಾಲ್ಕು ಕ್ಲಾಸ್ ಕಲಿತವರು. ಅವರಂಥವರು ಅಲ್ಲಿ ಇನ್ನೂ ಇದ್ದಾರೆ.

ಅದಕ್ಕಾಗಿಯೇ ನಾನು ಮೆಸೇಜಿಗೆ ಕನ್ನಡ ಸೇರಿಸಿದ್ದೆ. ಹಾಗಾದರೆ ಎಲ್ಲಿ ಹೋಯಿತು?

ಆಫೀಸಿಗೆ ಓಡಿ ನೋಡಿದೆ. ಸೋಮವಾರ ಸಂಜೆ ಹಳೆಯ ಸರ್ವರ್ ಕೆಟ್ಟಿತ್ತು. ನಮ್ಮದು ಕ್ಲೌಡ್‌ನ ಬಾಡಿಗೆ ಸರ್ವರ್, ಅಲ್ಲಿ ಯಾರೂ ರಿಪೇರಿ ಮಾಡುತ್ತಾ ಕೂರುವುದಿಲ್ಲ. ಹಳೆಯದು ಅಳಿದು, ತಾನಾಗಿಯೇ ಹೊಸದೊಂದು ಏಳುತ್ತದೆ. ಎದ್ದಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ. ‘ಮೆಟಾಡೇಟಾ ಸರ್ವಿಸ್’ ಎಂಬ ಒಂದು ಗೊತ್ತಾದ ವಿಳಾಸಕ್ಕೆ ಹೋಗಿ ಕೇಳುತ್ತದೆ: ನನ್ನ ಹೆಸರೇನು? ನಾನೇನು ಮಾಡಬೇಕು? ನಾವು ಮೊದಲೇ ಬರೆದಿಟ್ಟ ಸೂಚನೆಗಳನ್ನು ಅಲ್ಲಿಂದ ತಂದುಕೊಂಡು, ಅದರಂತೆ ಸಜ್ಜಾಗುತ್ತದೆ. ಬರೆದದ್ದನ್ನೆಲ್ಲ ಮಾಡುತ್ತದೆ. ಬರೆಯದ್ದನ್ನು ಮಾಡುವುದಿಲ್ಲ.

ಆ ಸೂಚನೆಯಲ್ಲಿ ಕನ್ನಡ ಇರಲಿಲ್ಲ.

ಯಾಕಿರಲಿಲ್ಲ ಹೇಳಲಾ? ಕಳೆದ ಮಳೆಗಾಲದಲ್ಲೇ ಮ್ಯಾನೇಜರ್ ಹತ್ತಿರ, ಸೂಚನೆಯಲ್ಲೇ ಕನ್ನಡ ಸೇರಿಸೋಣ ಸಾರ್ ಎಂದಿದ್ದೆ. ಅದನ್ನು ಬದಲಿಸಲು ಅವರ ಒಪ್ಪಿಗೆ ಬೇಕು. “ಆ ನಾಲ್ಕು ಮನೆಗೆ ಇಷ್ಟೆಲ್ಲಾ ಯಾಕೆ? ಸದ್ಯಕ್ಕೆ ಓಡ್ತಿರೋ ಮಷೀನಲ್ಲೇ ಕೈಯಲ್ಲಿ ಸೇರಿಸಿಬಿಡು” ಎಂದರು. ಸೇರಿಸಿದೆ. (ಸದ್ಯಕ್ಕೆ ಎಂಬುದು ನಮ್ಮ ಆಫೀಸುಗಳಲ್ಲಿ ಶಾಶ್ವತ ಎಂಬುದರ ಇನ್ನೊಂದು ಹೆಸರು.) ಆ ಮಷೀನ್ ಸತ್ತಿತು. ಅದರ ಜೊತೆ ಕನ್ನಡವೂ ಹೋಯಿತು.

ಅದು ಹೀಗೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮತ್ತೆ ಹೋಗಿ ಜಗಳವಾಡಬೇಕಿತ್ತು, ಆಡಲಿಲ್ಲ. ಹಾಗಾಗಿ ನನ್ನ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ.

ಬುಧವಾರ ಮೀಟಿಂಗ್. ಮ್ಯಾನೇಜರ್ ತಣ್ಣಗೆ ಹೇಳಿದರು: “ಟೆಕ್ನಿಕಲಿ ನಮ್ಮ ತಪ್ಪೇನಿಲ್ಲ. ಮೆಸೇಜ್ ಹೋಗಿದೆ, ತಲುಪಿದೆ. ನಿಮ್ಮ ಅತ್ತೆಗೆ ಮಲಯಾಳಂ ಬರುತ್ತಲ್ಲ?”

“ಮಾತು ಬರುತ್ತೆ ಸಾರ್. ನಿಮ್ಮ ಮೆಸೇಜು ಮಾತಾಡುತ್ತಾ?”

ಎಲ್ಲರಿಗೂ ಲ್ಯಾಪ್‌ಟಾಪಿನಲ್ಲಿ ಇದ್ದಕ್ಕಿದ್ದಂತೆ ಬಹಳ ಕೆಲಸ!

ನಾನು ಒಪ್ಪಿಗೆಗೆ ಕಾಯಲಿಲ್ಲ. ಅಲ್ಲೇ ಕೂತು ಸೂಚನೆಗೆ ಕನ್ನಡ ಸೇರಿಸಿದೆ. ಪರೀಕ್ಷೆಗೆಂದು ಹೊಸ ಸರ್ವರ್ ಎಬ್ಬಿಸಿದೆ, ಅಳಿಸಿದೆ, ಮತ್ತೆ ಎಬ್ಬಿಸಿದೆ. ಎರಡು ಸಲವೂ ಅದು ಎದ್ದು, ಕೇಳಿ, ಕನ್ನಡದ ಜೊತೆಗೇ ಸಜ್ಜಾಯಿತು. ಹಿಡಿದ ಸಮಯ ಒಂದು ಟೀ ಕುಡಿಯುವಷ್ಟು. ಇಷ್ಟಕ್ಕಾಗಿ ಒಂದು ಮಳೆಗಾಲದಿಂದ ಕಾಯಬೇಕಿತ್ತಾ?

ಭಾನುವಾರ ಮರಕ್ಕಡವಿಗೆ ಹೋಗಿ, ಅತ್ತೆಯ ಫೋನಿಗೆ ಒಂದು ಪರೀಕ್ಷಾ ಮೆಸೇಜ್ ಕಳಿಸಿದೆ. ಎಡಗೈಯಲ್ಲಿ ಫೋನ್ ಹಿಡಿದು, ಕಣ್ಣು ಕಿರಿದು ಮಾಡಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಇದು ಕಣವ್ವ ಮೆಸೇಜು ಅಂದ್ರೆ! ಮತ್ತೆ ಮಷೀನ್ ಬದ್ಲಾದ್ರೂ ಹಿಂಗೇ ಬತ್ತದಾ?” ಎಂದರು.

ಬರುತ್ತದೆ ಎಂದೆ.

ಸೋಮವಾರ ಆಫೀಸಿಗೆ ಬಂದರೆ ಘಟನೆಯ ವರದಿ ಸಹಿಗೆ ಕಾಯುತ್ತಿತ್ತು. ‘ಕಾರಣ’ ಎಂಬಲ್ಲಿ ಮ್ಯಾನೇಜರ್ ಬರೆದಿದ್ದರು: ‘ಬಳಕೆದಾರರು ಮೆಸೇಜ್ ಓದಲಿಲ್ಲ.’

ನಾನಿನ್ನೂ ಸಹಿ ಹಾಕಿಲ್ಲ. ನೀವೇ ಹೇಳಿ, ಅವರು ಓದಲಿಲ್ಲವೋ, ನಾವು ಬರೆಯಲಿಲ್ಲವೋ?