ಬೀಗರ ಊರಲ್ಲಿ ಟೆಂಟ್ ಹಾಕಬೇಡಿ

ಸೈಕಲ್ ತುಳಿದರೆ ಶುಗರ್ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದು ನಿಜ. ಮಗಳ ಸಂಬಂಧ ಮುರಿಯುವ ಮಟ್ಟಕ್ಕೂ ಹೋಗಬಹುದು ಎಂದು ಅವರು ಹೇಳಿರಲಿಲ್ಲ.

ಡಾಕ್ಟರು ಹೇಳಿದ್ದು ನನ್ನ ಅಕ್ಕನ ಗಂಡ ಶರಣಪ್ಪ ಮಾಮಾಗೆ. ಕೊಪ್ಪಳದಲ್ಲಿ ಬೀಜ, ಗೊಬ್ಬರದ ಅಂಗಡಿ. ದಿನಾ ಬೆಳಿಗ್ಗೆ ಸ್ವಲ್ಪ ತುಳಿಯಿರಿ ಎಂಬ ಸಲಹೆ ಪಡೆದ ಮಾಮಾ, ಮನೆಗೆ ಬಂದು ಮೊಬೈಲಿನಲ್ಲಿ ಸೈಕಲ್ ಪ್ರವಾಸದ ವಿಡಿಯೊ ನೋಡತೊಡಗಿದರು. ಕಡಿಮೆ ಖರ್ಚಿನಲ್ಲಿ ಊರೂರು ಸುತ್ತುವುದು, ಬಯಲಲ್ಲಿ ಟೆಂಟ್ ಹಾಕಿ ಮಲಗುವುದು.

ಹೊಸಬರಿಗೆ ಹಳೆಯ ಸೈಕಲ್ಲೇ ಸಾಕು. ಸಾಮಾನು ಹಗುರ ಇರಲಿ. ಟೆಂಟನ್ನು ಮೊದಲು ಮನೆಯಲ್ಲೇ ಹಾಕಿ ನೋಡಿ. ಹೊಲದವರ ಅನುಮತಿ ಕೇಳಿ. ವಿಡಿಯೊದವರು ಹೇಳಿದ್ದೆಲ್ಲ ಒಳ್ಳೆಯ ಮಾತೇ. ಮಾಮಾ ಪಾಲಿಸಿದ್ದು ಕೊನೆಯದನ್ನು ಮಾತ್ರ. ಅದೇ ಮುಳುವಾಯಿತು.

ಗೇರಿನ ಹೊಸ ಸೈಕಲ್ ಬಂತು. ಟೆಂಟ್ ಪ್ಯಾಕೆಟ್ಟಿನಲ್ಲೇ ಉಳಿಯಿತು. ಸ್ಟೌ ಜೊತೆಗೆ ಅಕ್ಕ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಂದಿನ ಕ್ಯಾರಿಯರ್ ಮೇಲೆ ಕೂತಿತು. (ಅದರಲ್ಲಿ ಒಂದು ಸಣ್ಣ ಮದುವೆ ಮಾಡಬಹುದಿತ್ತು.) ಸಾಲದ್ದಕ್ಕೆ ಜೊತೆಗೆ, ನನ್ನ ಹಳೆಯ ಸೈಕಲ್ ಮೇಲೆ, ನಾನು.

ತಳಕಲ್‌ನಲ್ಲಿ ಚಹಾಕ್ಕೆ ನಿಂತೆವು. ಅಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಗಂಟು, ನಮ್ಮ ಬೆವರು ಎರಡನ್ನೂ ನೋಡಿದರು.

“ಬಸ್ ಬರಲಿಲ್ಲೇನ್ರಿ?”

“ಬಸ್ ಅದಾವ್ರಿ. ನಾವ ಸೈಕಲ್ ಮ್ಯಾಲ ತಿರಗ್ಯಾಡಾಕ ಹೊಂಟೀವಿ” ಎಂದರು ಮಾಮಾ.

ಪಕ್ಕದವನು ಹಿರಿಯರಿಗೆ ವಿವರಿಸಿದ: “ಬಸ್ಸಿನ್ಯಾಗ ಹೆಣ್ಮಕ್ಳಿಗಷ್ಟ ಫ್ರೀ ಮಾಡ್ಯಾರಲ್ಲ ಕಾಕಾ. ಗಂಡಸರು ಪಾಪ ಏನ ಮಾಡಬೇಕು?”

ನಕ್ಕೆವು. ಆದರೆ ಆ ಮಾತಿನಲ್ಲಿ ಸುದ್ದಿಯಿತ್ತು. ಬಡವ ಸೈಕಲ್ ತುಳಿದರೆ ಅದು ಬಡತನ. ಶ್ರೀಮಂತ ತುಳಿದರೆ ಫಿಟ್‌ನೆಸ್. ನಡುವಿನವನು ತುಳಿದರೆ? ಅನುಮಾನ.

ಮೊದಲ ರಾತ್ರಿ ಯಲಬುರ್ಗಾದಲ್ಲಿ ಟೆಂಟ್ ನಿಲ್ಲಲೇ ಇಲ್ಲ. ಒಣಗಿದ ಎರೆ ಹೊಲದಲ್ಲಿ ಗೂಟ ಒಂದೋ ಬಾಗಿತು, ಇಲ್ಲವೇ ಬಿರುಕಿನೊಳಗೆ ಮಾಯವಾಯಿತು. ಪರಿಚಯದವರ ಪಡಸಾಲೆಯಲ್ಲಿ ಮಲಗಿದೆವು. ಮಾಮಾಗೆ ಅದು ಸೋಲು. ಮರುದಿನ ಕುಷ್ಟಗಿ ದಾಟಿ ತಾವರಗೇರಾ ಹತ್ತಿರ ಬರುವಾಗ ಅವರ ಹಟ ಗಟ್ಟಿಯಾಗಿತ್ತು.

ಈಗ ಒಂದು ವಿಷಯ ಹೇಳಬೇಕು. ಮಾಮಾ ಮಗಳು ಸವಿತಾಳನ್ನು ಕೊಡಲು ಮಾತಾಗಿದ್ದ ಮನೆ ಇದ್ದದ್ದು ತಾವರಗೇರಾದಲ್ಲೇ. ಹುಡುಗನ ತಂದೆ ವೀರಣ್ಣನವರದು ಕಾಳಿನ ವ್ಯಾಪಾರ. ನಿಶ್ಚಯದ ದಿನವೊಂದು ಗೊತ್ತಾಗಬೇಕಿತ್ತು, ಅಷ್ಟೇ.

“ಬೀಗರ ಮನಿಗೆ ಹೋಗೂಣು ಮಾಮಾ” ಎಂದೆ.

“ಹೋದ್ರ ಕಾಲಿಗೆ ನೀರು, ಹೋಳಿಗಿ, ಗಾದಿ. ಟೂರಿಂಗ್ ಎಲ್ಲಿ ಉಳೀತು? ನಸುಕಿನ್ಯಾಗ ಎದ್ದು ಗಂಗಾವತಿ ದಾರಿ ಹಿಡಿಯೂಣು. ಯಾರಿಗೆ ಗೊತ್ತಾಕ್ಕೈತಿ?”

ಊರ ಹೊರಗೆ ಒಂದು ಹೊಲ. ಮಾಮಾ ನಿಯಮದಂತೆ ಅನುಮತಿ ಕೇಳಿದರು. ಹೊಲದವರು ನಮ್ಮ ಕಡೆ ಎಲ್ಲರೂ ಕೇಳುವುದನ್ನೇ ಕೇಳಿದರು: “ಯಾರ ಪೈಕ್ರಿ ನೀವು?”

ಜಾಗ ಸಿಗುವ ಆತುರದಲ್ಲಿ ಮಾಮಾ ವೀರಣ್ಣನವರ ಹೆಸರು ಹೇಳಿಬಿಟ್ಟರು!

“ಅಯ್ಯ, ಸಾಹುಕಾರ್ರ ಬೀಗರೇನ್ರಿ? ಹಾಕ್ಕೋರಿ, ಹಾಕ್ಕೋರಿ” ಎಂದವರೇ ಬದುವಿನ ಕಡೆ ನಡೆದು ಮೊಬೈಲ್ ತೆಗೆದರು.

ಸೂರ್ಯ ಮುಳುಗುವ ಮೊದಲೇ ಕಾರು ಬಂತು. ವೀರಣ್ಣ, ಜೊತೆಗೆ ಇಬ್ಬರು ಹಿರಿಯರು. ಈ ಸಲ ಹೇಗೋ ನಿಂತಿದ್ದ ಟೆಂಟಿನಿಂದ ಮಾಮಾ ಅಂಬೆಗಾಲಿಕ್ಕುತ್ತಾ ಹೊರಬಂದರು.

“ನಮ್ಮ ಮನಿ ಬಾಗಲಾ ಮುಚ್ಚಿತ್ತೇನ್ರಿ ಬೀಗರ?”

“ಹಂಗಲ್ರಿ, ಇದು ಕ್ಯಾಂಪಿಂಗ್ ಅಂತ…”

“ಹುಡುಗಿ ಅಪ್ಪನ್ನ ಹೊಲದಾಗ ಮಲಗಿಸಿದ್ರು ಅಂತ ಊರ ಮಂದಿ ನಮಗ ಅಂತಾರ್ರಿ.”

ಹಿರಿಯರಲ್ಲಿ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: “ಅಂಗಡಿ ಏನರ ಮುಳಿಗೇತೇನು?”

ಮನೆಗೆ ಕರೆದೊಯ್ದರು. ಹೋಳಿಗೆ ಬಂತು. ಒಂದೊಂದು ಹೋಳಿಗೆಗೂ ಒಂದೊಂದು ಪ್ರಶ್ನೆ. ಯಾಪಾರ ಹೆಂಗೈತ್ರಿ? ಕಾರ್ ಮಾರಿಬಿಟ್ಟೀರೇನ್ರಿ? ಶುಗರ್ ಎಂದು ಮಾಮಾ ಹೇಳಿದರೆ, ತುಪ್ಪ ಹಾಕುತ್ತಾ ತಲೆದೂಗಿದರು. ಯಾರೂ ನಂಬಲಿಲ್ಲ.

ಬೆಳಿಗ್ಗೆ ಉಪ್ಪಿಟ್ಟಿನ ಹೊತ್ತಿಗೆ ವೀರಣ್ಣ ಗಂಟಲು ಸರಿಮಾಡಿಕೊಂಡರು. “ನಿಶ್ಚಯ ಸ್ವಲ್ಪ ಮುಂದ ಹಾಕೂಣ್ರಿ. ನಮ್ಮ ಮಂದೀನ್ನೂ ಕೇಳಬೇಕಲ್ಲ.”

ಮಂದಿಯನ್ನು ಕೇಳುವುದು ಎಂದರೆ ನಯವಾಗಿ ಬೇಡ ಎನ್ನುವುದು; ನಮ್ಮ ಕಡೆ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಾಮಾ ತಟ್ಟೆ ಬದಿಗಿಟ್ಟರು. ಬಾಗಿಲ ಬಳಿ ಕುಳಿತಿದ್ದ ಮದುವೆ ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಸವಿತಾಳ ಫೋನ್. ರಾತ್ರಿಯೇ ಅಕ್ಕನಿಗೆ ಎಲ್ಲ ಹೇಳಿದ್ದೆವು. ಮಾಮಾ ಪ್ರತಿ ಕರೆಯನ್ನೂ ಸ್ಪೀಕರಿನಲ್ಲಿ ಹಾಕುತ್ತಾರೆ. ಇದನ್ನೂ ಹಾಕಿದರು.

“ಅಪ್ಪಾ, ಅವ್ವ ಅಲ್ಲಿಗೆ ಕಾರ್ ಕಳಸ್ತೀನಿ ಅಂತ ಕುಂತಾಳ. ಬ್ಯಾಡ. ಸೈಕಲ್ ಮ್ಯಾಲ ಬಂದಿದ್ದಕ್ಕ ಮುರಿಯೂ ಸಂಬಂಧ ಇದ್ರ, ಆ ಊರಾಗ ಇನ್ನೊಂದು ರೌಂಡ್ ಹೊಡದ ಬಾ. ನೀ ಅವರಪ್ಪನ ಜೋಡಿ ಮಾತಾಡಿದ್ದು ಸಾಕು. ಆ ಹುಡುಗಗ ನನ್ನ ಜೋಡಿ ಮಾತಾಡಾಕ ಹೇಳು.”

ಮಾಮಾ ಸ್ಪೀಕರ್ ಆಫ್ ಮಾಡಲು ತಡಕಾಡಿದರು.

“ಹುಡುಗಿ ಜೋರ ಅದಾಳ್ರಿ” ಎಂದು ವೀರಣ್ಣ ನಕ್ಕರು. ಅದು ಮೆಚ್ಚುಗೆಯೋ ತಕರಾರೋ? ಇಷ್ಟು ವರ್ಷ ಪತ್ರಿಕೆಗೆ ವರದಿ ಮಾಡಿದ ನನಗೂ ಗೊತ್ತಾಗಲಿಲ್ಲ. ಸೈಕಲ್‌ಗಳನ್ನು ಟಂಟಂ ಗಾಡಿಗೆ ಹೇರಿಕೊಂಡು ಗಂಗಾವತಿ ಮೇಲೆ ಊರಿಗೆ ಬಂದೆವು.

ಮೊನ್ನೆ ತಾವರಗೇರಾದಿಂದ ಹೇಳಿಕಳಿಸಿದ್ದಾರೆ: ನಮಗೆ ಒಪ್ಪಿಗೆ, ದಿನ ನೋಡಿ. (ಅಂಗಡಿ ಮುಳುಗಿಲ್ಲವೆಂದು ಯಾರನ್ನೋ ವಿಚಾರಿಸಿ ಖಾತ್ರಿ ಮಾಡಿಕೊಂಡಿರಬೇಕು.) ಈಗ ದಿನ ಕೊಡದಿರುವವಳು ಸವಿತಾ. ಹುಡುಗ ಒಮ್ಮೆ ಫೋನ್ ಮಾಡಲಿ ಎಂದು ಕಾಯುತ್ತಿದ್ದಾಳೆ.

ಅದು ಇನ್ನೂ ಬಂದಿಲ್ಲ. ಮಾಡಲೋ ಬೇಡವೋ ಎಂದು ಅವನು ಅಪ್ಪನನ್ನು ಕೇಳುತ್ತಿರಬೇಕು.