ಪಂಪು ನಿಂತ ಮೇಲೆ

೧೯೯೬ರಲ್ಲಿ, ಏಳನೇ ಕ್ಲಾಸಿನ ನಡುವೆಯೇ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಅಪ್ಪನ ಜೊತೆ ಮರ ಕಡಿಯಲು ಹೋಗಿ ರುಚಿ ಹತ್ತಿದವನಿಗೆ ಬೆಂಚು ಸಾಕೆನಿಸಿತ್ತು. ಕೊಪ್ಪಳದಿಂದ ಗಂಗಾವತಿಯವರೆಗೆ ಕರೆಂಟ್ ತಂತಿಗೆ ತಾಗುವ ಟೊಂಗೆಗಳೇ ಅಂದಿನಿಂದ ನನ್ನ ಅನ್ನ. ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಾನು ಕೆಲಸ ಬೇಡಿಕೊಂಡು ಹೋಗುವುದಿಲ್ಲ.

ಕಾಲುವೆ ಸೀಮೆಯಲ್ಲಿ ಕರೆಂಟು ಕಿವಿಗೆ ತಿಳಿಯುತ್ತದೆ. ಪಂಪು ಗುಂಯ್‌ಗುಟ್ಟುತ್ತಿದ್ದರೆ ಇದೆ, ನಿಂತರೆ ಹೋಯಿತು. ಎಲ್ಲರ ಲೆಕ್ಕವೂ ಅದೇ.

ಕಳೆದ ವರ್ಷ ಶ್ರೀರಾಮನಗರದ ಹತ್ತಿರ ಒಂದು ಗದ್ದೆಯ ಬದುವಿನಲ್ಲಿ ಬೇವಿನ ಮರ ಲೈನಿನ ಮೇಲೆಯೇ ಬಾಗಿತ್ತು. ಮರ ಹತ್ತುವವನು ನನ್ನ ತಂಗಿಯ ಗಂಡ. ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಕೆಳಗೆ ನನ್ನ ಕೈಯಲ್ಲಿ. ನಾನು ಬಿಟ್ಟಷ್ಟೇ ಅವನು ಏರಬೇಕು. ಬೆಳಿಗ್ಗೆಯೇ ಹೇಳಿದ್ದರೂ ಲೈನ್‌ಮನ್ ಬಂದಿರಲಿಲ್ಲ. ತಂಗಿಯ ಗಂಡ ಕೆಳಗಿನ ಕವಲಿನಲ್ಲಿ ಕೂತು ಕಾಲು ಆಡಿಸುತ್ತಿದ್ದ. ನಾನು ರಸ್ತೆ ನೋಡುವುದು, ತಂತಿ ನೋಡುವುದು, ಮತ್ತೆ ರಸ್ತೆ. ಅಷ್ಟರಲ್ಲಿ ಪಂಪು ನಿಂತಿತು.

“ಹೋತ್ ನೋಡ್ರಿ ಕರೆಂಟ್. ಏರ್ರಿ ಇನ್ನ,” ಎಂದ ಗದ್ದೆಯ ಯಜಮಾನ.

ಕವಲಿನಲ್ಲಿ ಕೂತವನು ಎದ್ದೇ ಬಿಟ್ಟ. ನಾನು ಹಗ್ಗ ಬಿಡಲಿಲ್ಲ.

“ಬಿಡು ಭಾವ. ಮಧ್ಯಾಹ್ನ ಹೇಮಗುಡ್ಡದಾಗ ಕೆಲಸ ಐತಿ.”

“ಲೈನ್‌ಮನ್ ಬರ್ಲಿ.”

“ಅಂವ ಬರೂತನಕ ನಾ ಈ ಗಿಡದಾಗ ಗೂಡು ಕಟ್ಟಬೇಕಾಕ್ಕತಿ.”

ಯಜಮಾನ ನಕ್ಕ. “ಸಾಲಿ ಬಿಟ್ಟಾಂವ ಇಂಜಿನಿಯರ್ ಆಗ್ಯಾನ ನೋಡ್ರಿ.”

ಮಾತು ಚುಚ್ಚಿತು. ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. ಮೇಲೆ ನೋಡಿದರೆ ಅವನು ಸೊಂಟದ ಗಂಟಿಗೇ ಕೈ ಹಾಕಿದ್ದ, ಬಿಚ್ಚಿ ಏರುವವನಂತೆ.

“ಗಂಟು ಬಿಚ್ಚಿದ್ರ ನಿನ್ನ ಹೆಂಡ್ತಿಗೆ ನೀನ ಉತ್ತರ ಹೇಳ್ಬೇಕು. ನಾ ಹೇಳಂಗಿಲ್ಲ.”

ಅವನ ಕೈ ಗಂಟಿನ ಮೇಲೆಯೇ ನಿಂತಿತು. ನಾನು ಯಜಮಾನನ ಕಡೆ ತಿರುಗಿದೆ. “ಪಂಪಿನ ಪೆಟ್ಟಿಗ್ಯಾಗ ಮೂರು ತಂತಿಗೆ ಮೂರು ಲೈಟ್ ಅದಾವಲ್ರಿ, ನೋಡಿ ಬರ್ರಿ.”

ಅವನು ಗೊಣಗುತ್ತಾ ಹೋಗಿ ಪೆಟ್ಟಿಗೆ ತೆಗೆದ. ಅಲ್ಲಿಂದಲೇ ಕೂಗಿದ:

“ಒಂದ ಆರೈತಿ. ಎರಡು ಹತ್ಯಾವ.”

ಪಂಪು ನಿಲ್ಲಲು ಒಂದು ತಂತಿ ಸತ್ತರೆ ಸಾಕು. ಮನುಷ್ಯ ಸಾಯಲು ಒಂದು ತಂತಿ ಬದುಕಿದ್ದರೆ ಸಾಕು.

ನಾನು ಹೇಳದೆಯೇ ತಂಗಿಯ ಗಂಡ ಮರದಿಂದ ಇಳಿದು ಬಂದ. ಲೈನ್‌ಮನ್ ಬಂದದ್ದು ಊಟದ ಹೊತ್ತಿಗೆ. ಕರೆಂಟ್ ಸ್ಟೇಷನ್ನಿಗೆ ಫೋನು ಹಚ್ಚಿ ಲೈನು ಬಂದ್ ಮಾಡಿಸಿದ, ಕರೆಂಟ್ ಉಳಿದಿದೆಯೇ ಎಂದು ತಂತಿಗೆ ಕೋಲು ಹಿಡಿದು ಪರೀಕ್ಷಿಸಿದ, ತಂತಿಗಳಿಗೆ ಚೈನು ಹಾಕಿ ನೆಲಕ್ಕೆ ಅರ್ಥಿಂಗ್ ಕೊಟ್ಟ. “ಮೂರೂ ಲೈಟ್ ಆರಿದ್ರೂ ನಾ ಇಷ್ಟು ಮಾಡೂತನಕ ಏರಬ್ಯಾಡ್ರಿ,” ಎಂದ. ಆಮೇಲೆ ಹಗ್ಗ ಬಿಟ್ಟೆ. ಹೇಮಗುಡ್ಡದ ಕೆಲಸ ಬೇರೆಯವರ ಪಾಲಾಯಿತು.

ವಾಪಸ್ ಬರುವಾಗ ಬೈಕಿನ ಹಿಂದೆ ತಂಗಿಯ ಗಂಡ ಕೂತಿದ್ದ. ಗಂಗಾವತಿ ದಾಟಿದ ಮೇಲೆ ಅಂದ: “ಗಂಟು ಭಾಳ ಬಿಗಿ ಹಾಕಿದ್ದಿ ಭಾವ. ಕೈಗೆ ಬರಲಿಲ್ಲ.”

ಅಂದರೆ ಅವನು ನಿಜವಾಗಿಯೂ ಬಿಚ್ಚಲು ನೋಡಿದ್ದ. ಈಗಲೂ ಎಲ್ಲಾದರೂ ಪಂಪು ನಿಂತ ಸದ್ದು ಕೇಳಿದರೆ ನನ್ನ ಕಣ್ಣು ಮೇಲೆ ಹೋಗುತ್ತದೆ, ಊಟದ ತಟ್ಟೆ ಮುಂದಿದ್ದರೂ.

ಈಗ ನನ್ನ ಹತ್ತಿರ ಇರುವುದು ಎರಡು ಗರಗಸ, ನಾಲ್ಕು ಹಗ್ಗ, ಒಂದು ಏಣಿ, ಒಂದು ಬೈಕು, ಒಬ್ಬ ತಂಗಿ, ಅವಳ ಗಂಡ.