ತಮ್ಮನನ್ನು ಹಡಗು ಹತ್ತಿಸದ ವರ್ಷ

ಹಡಗು ಹತ್ತದವರು ಹಡಗಿನ ಬಗ್ಗೆ ಎಷ್ಟು ಮಾತಾಡಬಲ್ಲರು ಎಂದು ತಿಳಿಯಬೇಕಾಗಿದ್ದರೆ, ಆ ಬೇಸಿಗೆಯ ಕೊನೆಯಲ್ಲಿ ಕಂಕನಾಡಿಯ ನಮ್ಮ ಅಜ್ಜಿಮನೆಯ ಜಗಲಿಯಲ್ಲಿ ಬಂದು ಕೂರಬೇಕಿತ್ತು.

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಮಾತು. ನನಗೆ ಐದು ವರ್ಷ. ತಮ್ಮ ಇನ್ನೂ ಎದೆಹಾಲು ಕುಡಿಯುವ ಕೂಸು. ಅಪ್ಪ ಮುಂಬಯಿಯ ಬಂದರಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ಹತ್ತಿಯ ಮೂಟೆ ಉರುಳಿ ಅವನ ಕಾಲು ಮುರಿದಿದೆ, ಗಾಯ ಕೊಳೆಯಲು ತೊಡಗಿದೆ, ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ಅವನ ಜೊತೆ ಕೆಲಸ ಮಾಡುತ್ತಿದ್ದ ನಮ್ಮೂರಿನವನೊಬ್ಬ ಬಂದು ಹೇಳಿದ. ಆ ಮನುಷ್ಯ ಮಳೆಗಾಲಕ್ಕೆ ಮೊದಲಿನ ಕೊನೆಯ ಹಡಗಿನಲ್ಲಿ ಮುಂಬಯಿಗೆ ಹಿಂದಿರುಗುವವನಿದ್ದ. ಅಮ್ಮ ಅವನ ಜೊತೆ ಹೊರಡಬೇಕು, ಇಲ್ಲವೇ ಮಳೆ ಮುಗಿದು ಕಡಲು ಶಾಂತವಾಗುವ ತನಕ ಕಾಯಬೇಕು. ರೈಲೇನೋ ಇತ್ತು. ಆದರೆ ಅದು ಮದರಾಸಿನ ಕಡೆಗೆ ಸುತ್ತು ಹಾಕಿ ಹೋಗುತ್ತಿತ್ತು, ನಡುವೆ ಇಳಿದು ಬೇರೆ ಗಾಡಿ ಹತ್ತಬೇಕಿತ್ತು. ಓದು ಬಾರದ ಅಮ್ಮನಿಗೆ ಆ ದಾರಿಯಲ್ಲಿ ಜೊತೆಯಿರಲಿಲ್ಲ.

ಅಮ್ಮ ಹೋಗುವುದು ನಿಶ್ಚಯವಾಯಿತು. ಉಳಿದದ್ದು ಒಂದೇ ಪ್ರಶ್ನೆ: ತಮ್ಮನನ್ನು ಕರೆದುಕೊಂಡು ಹೋಗುವುದೋ, ಬಿಟ್ಟು ಹೋಗುವುದೋ. ನನ್ನ ವಿಷಯ ಯಾರೂ ಎತ್ತಲಿಲ್ಲ. ಹಲ್ಲು ಬಂದು, ಆ ಹಲ್ಲು ಬೀಳಲೂ ತಯಾರಾಗಿದ್ದ ಹುಡುಗಿ ಕಡಲಿಗೆ ಏನಾದರೂ ಮಾಡಿಯಾಳೇ ಹೊರತು ಕಡಲು ಅವಳಿಗೇನೂ ಮಾಡದು ಎಂದುಕೊಂಡಿರಬೇಕು.

ಬಂದರಿನಲ್ಲಿ ಹಂಚು ಹೇರಿಸುವ ಕೆಲಸದಲ್ಲಿದ್ದ ಸೋದರಮಾವ ಮೊದಲು ಬಾಯಿ ತೆರೆದ.

"ಹಡಗು ಬಂದರಿನ ಧಕ್ಕೆಗೆ ಬರುದಿಲ್ಲ, ಅಳಿವೆಯ ಆಚೆ ಕಡಲಲ್ಲೇ ನಿಲ್ಲುದು. ಅಲ್ಲಿಗೆ ದೋಣಿಯಲ್ಲಿ ಹೋಗ್ಬೇಕು. ತೆರೆ ಎದ್ದಾಗ ಮಗುವನ್ನು ಎತ್ತಿ ಮೇಲಿನವರ ಕೈಗೆ ಕೊಡುದು. ಕೈ ತಪ್ಪಿದ್ರೆ ಎಂತ ಮಾಡ್ತಿ?"

"ಕೈ ತಪ್ಪದ ಹಾಗೆ ಸೆರಗಿನಲ್ಲಿ ಎದೆಗೆ ಕಟ್ಟಿಕೊಳ್ತೇನೆ" ಎಂದಳು ಅಮ್ಮ.

ಪಕ್ಕದ ಮನೆಯ ಹೆಂಗಸು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಹೇಳಿದಳು: "ಹಡಗು ಹತ್ತಿದ ಹೆಂಗಸು ತಲೆ ಎತ್ತುದಿಲ್ಲ ಮಾರಾಯ್ತಿ. ವಾಂತಿ ಮಾಡಿ ಮಾಡಿ ಹಾಲು ಬತ್ತಿ ಹೋಗ್ತದೆ. ಮತ್ತೆ ಮಗುವಿಗೆ ಎಂತ ಕೊಡುದು? ಹಡಗಿನ ತುಕ್ಕು ನೀರಾ?"

ತನಗೆ ವಾಂತಿಯಾಗುತ್ತದೋ ಇಲ್ಲವೋ ಎಂದು ಹಡಗನ್ನೇ ಹತ್ತದ ಅಮ್ಮ ಹೇಗೆ ಹೇಳಿಯಾಳು? ಆದರೂ ಅವಳು ಪಟ್ಟು ಬಿಡಲಿಲ್ಲ. ಕೊನೆಗೆ ಅಜ್ಜಿ, ಅಂದರೆ ಅಮ್ಮನ ತಾಯಿ, ತಮ್ಮನನ್ನು ಮಡಿಲಿನಲ್ಲಿ ಹಾಕಿಕೊಂಡು ಮೆಲ್ಲಗೆ ಮಾತು ತೆಗೆದಳು.

"ಹಲ್ಲು ಬಾರದ ಮಗುವಿಗೆ ಕಡಲ ಗಾಳಿ ಆಗುದಿಲ್ಲ ಮಗಾ. ಹಡಗಿನಲ್ಲಿ ಮಗು ಸತ್ತರೆ ಎಂತ ಮಾಡ್ತಾರೆ ಗೊತ್ತುಂಟಾ? ಗೋಣಿಯಲ್ಲಿ ಕಟ್ಟಿ, ಕಲ್ಲು ಹಾಕಿ, ನೀರಿಗೆ ಬಿಡ್ತಾರೆ. ಕೂತು ಅಳ್ಲಿಕ್ಕೆ ಒಂದು ಹಿಡಿ ಮಣ್ಣು ಸಿಕ್ಕುದಿಲ್ಲ. ಇಲ್ಲಿ ನೆಲ ಉಂಟು. ನಾನಿದ್ದೇನೆ."

ಅಮ್ಮ ಸೋತದ್ದು ಅಲ್ಲಿ. ಈಗಲೂ ಆ ಜಗಲಿಯನ್ನು ನೆನೆದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅವರಲ್ಲಿ ಒಬ್ಬರಾದರೂ ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಎಲ್ಲರೂ ತಮ್ಮನ ಒಳ್ಳೆಯದನ್ನೇ ಬಯಸಿದವರು.

ಹೊರಡುವ ಬೆಳಿಗ್ಗೆ ಅಮ್ಮ ಅವನಿಗೆ ಎರಡೂ ಕಡೆಯ ಹಾಲು ಕುಡಿಸಿದಳು. ಹೊಟ್ಟೆ ತುಂಬಿ ಅವನು ಬಾಯಿ ತೆರೆದುಕೊಂಡೇ ನಿದ್ದೆ ಹೋದ. ತಾನು ಹಿಂದಿನ ದಿನ ಉಟ್ಟಿದ್ದ ಸೀರೆಯನ್ನು ಒಗೆಯದೆ ತೊಟ್ಟಿಲಿನಲ್ಲಿ ಹಾಸಿದಳು. ತಾಯಿಯ ವಾಸನೆ ಸಿಕ್ಕಿದರೆ ಮಗು ಹೆಚ್ಚು ಅಳುವುದಿಲ್ಲವಂತೆ. "ಬರ್ತೇನೆ" ಎಂದಳು. ಹೋಗುತ್ತೇನೆ ಎನ್ನಬಾರದಲ್ಲ. ಅವಳೂ ನಾನೂ ಜಟಕಾ ಹತ್ತಿ ಬಂದರಿಗೆ ಹೋದೆವು.

ಹೊಳೆ ಕಡಲು ಸೇರುವ ಅಳಿವೆಯನ್ನು ದೋಣಿ ದಾಟುವಾಗ ಸೋದರಮಾವ ಹೇಳಿದ್ದೆಲ್ಲ ನಿಜವೆಂದು ತಿಳಿಯಿತು. ತೆರೆ ಎದ್ದ ಕ್ಷಣಕ್ಕೆ ದೋಣಿಯವನು ನನ್ನನ್ನು ತೆಂಗಿನಕಾಯಿಯ ಹಾಗೆ ಮೇಲಕ್ಕೆಸೆದ, ಮೇಲಿನವನು ಹಿಡಿದ. ನಮಗಿಂತ ಮೊದಲು ಒಂದು ಕೈಗೂಸೂ ಹಾಗೆಯೇ ಮೇಲೆ ಹೋಗಿತ್ತು. ಅದು ಉಳ್ಳಾಲದ ಬ್ಯಾರಿ ಮುಸಲ್ಮಾನ ಹೆಂಗಸೊಬ್ಬಳ ಮಗು. ನಾವು ಚಾಪೆ ಬಿಡಿಸಿದ್ದು ಅವಳ ಚಾಪೆಯ ಪಕ್ಕದಲ್ಲೇ.

ನಾನು ವಾಂತಿ ಮಾಡಿದೆ. ಜೊತೆಗೆ ಬಂದ ಮನುಷ್ಯ ಮಾಡಿದ. ಆ ಬ್ಯಾರಿ ಹೆಂಗಸಂತೂ ತಲೆ ಎತ್ತಲೇ ಇಲ್ಲ. ಅಮ್ಮ ಮಾತ್ರ ಅಡಿಗೆಮನೆಯ ಮಣೆಯ ಮೇಲೆ ಕೂತವಳಂತೆ ನೆಟ್ಟಗೆ ಕೂತಿದ್ದಳು. ಸಂಜೆಯ ಹೊತ್ತಿಗೆ ಅವಳ ಕುಪ್ಪಸದ ಮುಂಭಾಗ ಒದ್ದೆಯಾಗಿತ್ತು. ನೋವು ತಾಳದೆ ಹಡಗಿನ ಅಂಚಿಗೆ ಹೋಗಿ ಹಾಲನ್ನು ಕಡಲಿಗೆ ಹಿಂಡಿ ಬಂದಳು. ಪಕ್ಕದ ಚಾಪೆಯಲ್ಲಿ ಹಸಿದ ಕೂಸು ಕಿರುಚುತ್ತಲೇ ಇತ್ತು. ಅಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಎತ್ತಿಕೊಳ್ಳಲು ಕೈ ಚಾಚಿದಳು.

ಜಾತಿ ಬೇರೆ, ಮತ ಬೇರೆ. ಅಜ್ಜಿ ನೋಡಿದ್ದರೆ ಏನೆನ್ನುತ್ತಿದ್ದಳೋ. ಮಗು ಕುಡಿದು ಮಲಗಿದ ಮೇಲೆ ಆ ಹೆಂಗಸು ಮಲಗಿದ್ದಲ್ಲಿಂದಲೇ ಹೇಳಿದಳು: "ನಮ್ಮಲ್ಲಿ ಹಾಲು ಕೊಟ್ಟವಳೂ ತಾಯಿಯೇ ಅಕ್ಕಾ. ಇನ್ನು ಇವ ನಿಮಗೂ ಮಗ."

"ನನ್ನ ಮಗ ಊರಲ್ಲಿ ಇದ್ದಾನೆ" ಎಂದಳು ಅಮ್ಮ. ಸ್ವಲ್ಪ ಒರಟಾಗಿಯೇ ಹೇಳಿದಳು.

ಮುಂಬಯಿಯಲ್ಲಿ ಆ ಹೆಂಗಸಿನ ಮನೆ ನಮ್ಮ ಕೋಣೆಯಿಂದ ದೂರವಿರಲಿಲ್ಲ. ಅಪ್ಪನ ಗಾಯ ತೊಳೆದು, ಗಂಜಿ ಕೊಟ್ಟು, ಅಮ್ಮ ದಿನಾ ನನ್ನ ಕೈ ಹಿಡಿದು ಅಲ್ಲಿಗೆ ಹೋಗಿ ಆ ಕೂಸಿಗೆ ಹಾಲು ಕೊಟ್ಟು ಬರುತ್ತಿದ್ದಳು. ಆ ಮಗುವಿನ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಹಾಲು ಬತ್ತಬಾರದೆಂಬ ಹಟ ಅವಳದು. ಊರಿಗೆ ಮರಳಿದ ದಿನ ತಮ್ಮನನ್ನು ಎದೆಗೆ ಹಾಕಿಕೊಂಡು ಕುಡಿಸಬೇಕು. ಮಳೆ ಹೊಯ್ಯುತ್ತಿದ್ದಷ್ಟು ಕಾಲವೂ ಅವಳ ಬಾಯಲ್ಲಿ ಅದೊಂದೇ ಮಾತು. ಈಗ ಹಲ್ಲು ಬಂದಿರಬಹುದು, ಈಗ ಗೋಡೆ ಹಿಡಿದು ನಿಲ್ಲುತ್ತಿರಬಹುದು ಎಂದು ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ಹೂಂಗುಟ್ಟುತ್ತಿದ್ದ. ಊರಿನಿಂದ ಕೆಟ್ಟ ಸುದ್ದಿಯೇನೂ ಬರಲಿಲ್ಲ.

ಮಳೆ ಮುಗಿದು ಹಡಗು ಮತ್ತೆ ಶುರುವಾದಾಗ ಅಪ್ಪ ಕೋಲೂರಿ ನಡೆಯುವಷ್ಟಾಗಿದ್ದ. ಮೂವರೂ ಹೊರಟೆವು. ಹಡಗಿನಿಂದ ಇಳಿದು ದೋಣಿಯಲ್ಲಿ ಅಳಿವೆಯ ಒಳಗೆ ಬರುವಾಗ ಅಮ್ಮ ಕೂತಲ್ಲಿ ಕೂರಲಿಲ್ಲ. ಧಕ್ಕೆಯಲ್ಲಿ ಅಜ್ಜಿ ನಿಂತಿದ್ದಳು, ಪಕ್ಕದಲ್ಲಿ ಸೋದರಮಾವ. ಅಜ್ಜಿಯ ಕೈ ಖಾಲಿಯಿತ್ತು.

"ಮಲಗಿದ್ದಾನಾ?" ಎಂದು ಅಮ್ಮ ದೋಣಿಯಿಂದಲೇ ಕೂಗಿ ಕೇಳಿದಳು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತಮ್ಮ ಆಟಿ ತಿಂಗಳ, ಅಂದರೆ ಆಷಾಢದ, ಹೊಡೆತದ ಮಳೆಯಲ್ಲೇ ಹೋಗಿದ್ದ. ಹಸುವಿನ ಹಾಲು ಅವನ ಹೊಟ್ಟೆಗೆ ಹಿಡಿಸಲಿಲ್ಲ. ಭೇದಿ ಶುರುವಾದದ್ದು ನಿಲ್ಲಲಿಲ್ಲ. ಡಾಕ್ಟರಿಗೆ ತೋರಿಸಿದ್ದರು, ಹರಕೆಯನ್ನೂ ಹೇಳಿಕೊಂಡಿದ್ದರು. ಸುದ್ದಿ ಕಳಿಸಬಾರದೆಂದು ಅಜ್ಜಿಯೇ ತಡೆದಳಂತೆ. ಎದೆಯಲ್ಲಿ ಹಾಲಿರುವ ಹೆಂಗಸಿಗೆ ದೂರದಿಂದ ಅಂಥ ಸುದ್ದಿ ಮುಟ್ಟಿಸಬಾರದು, ಹಿಡಿದುಕೊಳ್ಳಲು ಹತ್ತಿರ ಜನವಿದ್ದಾಗ ಹೇಳಬೇಕು ಎನ್ನುವುದು ನಮ್ಮವರ ಕ್ರಮ. ಹಾಗಾಗಿ ಅವನು ಮಣ್ಣಾದ ಮೇಲೂ ಅಮ್ಮ ಅಲ್ಲಿ ಅವನ ಹಲ್ಲಿನ ಮಾತಾಡುತ್ತಿದ್ದಳು.

ಮನೆಗೆ ಬಂದ ಮೇಲೆ ಅಜ್ಜಿ ಅವಳನ್ನು ಬಾವಿಯ ಆಚೆ ಹಲಸಿನ ಮರದ ಬುಡಕ್ಕೆ ಕರೆದೊಯ್ದಳು. ನಾನೂ ಹಿಂದೆಯೇ ಹೋದೆ. ಅಲ್ಲಿ ಒಂದು ಕಲ್ಲು, ಸುತ್ತ ಮಳೆಗೆ ಎದ್ದ ಹುಲ್ಲು. ಅಮ್ಮ ಕೂತಳು. ಹುಲ್ಲು ಕಿತ್ತು ಒಂದು ಹಿಡಿಯಷ್ಟು ಮಣ್ಣು ಬರಿದು ಮಾಡಿದಳು. ಕುಪ್ಪಸ ಬಿಚ್ಚಿ ಆ ಮಣ್ಣಿನ ಮೇಲೆ ಹಾಲು ಹಿಂಡಿದಳು, ಒಂದು ಕಡೆಯದು ಮುಗಿದ ಮೇಲೆ ಇನ್ನೊಂದು ಕಡೆಯದು. ಅವಳು ಅಳಲಿಲ್ಲ. ಅತ್ತಿದ್ದರೆ ಅಜ್ಜಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನನಗೆ ಹಡಗಿನಲ್ಲಿ ಒಂದು ಸಲವೂ ವಾಂತಿ ಆಗ್ಲಿಲ್ಲಮ್ಮ" ಎಂದಳು.